ವಾದ್ಯಮಂಟಪ: ಅಂಗಳದಲ್ಲಿಯೂ ಆಲಯದಲ್ಲಿಯೂ
(ಶತಮಾನೋತ್ಸವದ ಸಂಗೀತ ಸಂಜೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಸ್ಮಾರಕವಾಗಿ ದೇವಾಲಯದ ಅಂಗಳದಲ್ಲಿ ವಾದ್ಯಮಂಟಪವೊಂದನ್ನು ಕಟ್ಟಬೇಕೆಂಬ ಸಲಹೆ ನಮ್ಮ ಮುಂದಿದೆ. ಅಡಿಗಲ್ಲನ್ನಿಡುವ ಮುನ್ನ, ವಾದ್ಯಗಾರರಿಗೂ ಗಾಯಕರಿಗೂ ನಾವು ಇದುವರೆಗೆ ಎಂತಹ ಸ್ಥಾನವನ್ನು ಕೊಟ್ಟಿದ್ದೇವೆಂದು ಯೋಚಿಸುವುದು ಉಚಿತ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇಂಗ್ಲೆಂಡಿನಲ್ಲಿ ಇಂತಹ ಎರಕದ ಕಬ್ಬಿಣದ ಮಂಟಪಗಳು 1861ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ತೋಟದಲ್ಲಿ ಮೊದಲು ಕಾಣಿಸಿಕೊಂಡವು. ನೆಲ ಎತ್ತರವಾಗಿರುವುದರಿಂದ ನಾದವು ಜನರ ತಲೆಯ ಮೇಲಿಂದ ಹಾದು ದೂರಕ್ಕೆ ಸಾಗುತ್ತದೆ. ಛಾವಣಿಯು ಬಿಸಿಲುಮಳೆಯನ್ನು ತಡೆಯುವುದಲ್ಲದೆ ನಾದವನ್ನು ಕೇಳುಗರತ್ತ ಹಿಂದಿರುಗಿಸುತ್ತದೆ. ಸುತ್ತಲೂ ಗೋಡೆಯಿಲ್ಲದ್ದರಿಂದ ಯಾವ ದಿಕ್ಕಿನಲ್ಲಿ ನಿಂತವನಿಗೂ ಸಂಗೀತ ದೊರೆಯುತ್ತದೆ.

ದೇವಾಲಯದೊಳಗಿನ ನಿಯಮ ಬೇರೆ. ವಿಶ್ವಗುರು ಸಂತ ಹತ್ತನೆಯ ಪಿಯುಸ್‌ರವರು 1903ರ ನವೆಂಬರ್ 22ರಂದು, ಸಂಗೀತದ ಪಾಲಕಿ ಸಂತ ಸಿಸಿಲಿಯಮ್ಮನವರ ಹಬ್ಬದ ದಿನ, ಪವಿತ್ರ ಸಂಗೀತವನ್ನು ಕುರಿತು ಆದೇಶವನ್ನು ಹೊರಡಿಸಿದರು. ಬ್ಯಾಂಡು ಆಲಯದೊಳಗೆ ನುಡಿಯಕೂಡದು. ಲೌಕಿಕ ಗೀತೆಗಳನ್ನು ಬಾರಿಸದಿದ್ದರೆ ಹೊರಗಿನ ಮೆರವಣಿಗೆಯಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಂದ ನುಡಿಯಬಹುದು ಎಂದು ಅದರಲ್ಲಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಆರ್ಗನ್ನಿನ ಗೌರವವನ್ನು ಉಳಿಸಿಕೊಂಡೇ, ಪೂಜೆಗೆ ತಕ್ಕ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಗಾನವೃಂದವು ಭಕ್ತಸಮೂಹದ ಅಂಗವೆಂಬುದು ಕಣ್ಣಿಗೆ ಕಾಣುವಂತೆಯೂ, ಅದರ ಪ್ರತಿಯೊಬ್ಬ ಸದಸ್ಯನು ಪರಮಪ್ರಸಾದದಲ್ಲಿ ಸುಲಭವಾಗಿ ಪಾಲುಗೊಳ್ಳುವಂತೆಯೂ ಅದರ ಸ್ಥಳವಿರಬೇಕೆಂದು 1967ರ ನಿರ್ದೇಶನವು ತಿಳಿಸಿತು.

ನಾವು ಮಾಡಿದ್ದೇನು? ಅಟ್ಟದ ಕಿರುಮೆಟ್ಟಿಲುಗಳನ್ನು ನಮ್ಮ ಗಾಯಕರು ಇಳಿದು ಬರುವಷ್ಟರಲ್ಲಿ ಪರಮಪ್ರಸಾದ ವಿತರಣೆ ಮುಗಿದಿದ್ದ ಭಾನುವಾರಗಳುಂಟು. ಹಬ್ಬದಂದು ತೇರಿನ ಮುಂದೆ ಗಂಟೆಗಟ್ಟಲೆ ಊದಿ ಬಾರಿಸಿ ದಣಿದವರು, ಒಳಗೆ ಬಲಿಪೂಜೆ ನಡೆಯುವಾಗ ಹೊರಗೆ ಮರದ ನೆರಳಿನಲ್ಲಿ ಕುಳಿತಿರುತ್ತಿದ್ದರು. ಅವರಲ್ಲಿ ನಮ್ಮವರೂ ಇದ್ದರು, ಅನ್ಯಮತದ ಸೋದರರೂ ಇದ್ದರು. ಕೂಲಿಯನ್ನು ಎಣಿಸಿ ಕೊಟ್ಟೆವು. 'ಒಳಗೆ ಬನ್ನಿ' ಎಂದು ಕರೆದ ನೆನಪು ನಮಗಿಲ್ಲ.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಮಂಟಪವನ್ನು ಕಟ್ಟೋಣ, ಅದಕ್ಕೆ ನೆರಳಿರಲಿ, ಕುಡಿಯುವ ನೀರಿರಲಿ, ವೃದ್ಧ ವಾದ್ಯಗಾರನೂ ಹತ್ತಬಲ್ಲ ಮೆಟ್ಟಿಲಿರಲಿ. ಅದರೊಡನೆ ಆಲಯದೊಳಗೆ, ಬಲಿಪೀಠ ಕಾಣುವ ಎಡೆಯಲ್ಲಿ, ಗಾಯಕರಿಗೆ ಪೀಠಗಳನ್ನು ಹಾಕೋಣ. ಹಬ್ಬದ ದಿನ ಬ್ಯಾಂಡಿನವರಿಗೂ ಒಂದು ಸಾಲನ್ನು ಮೀಸಲಿಡೋಣ. ಈ ಸಾಲಿಗೆ ಚಂದಾ ಎತ್ತಬೇಕಾಗಿಲ್ಲ. ಮುಂದಿನ ಹಬ್ಬದಂದೇ ಆರಂಭಿಸಬಹುದು.