5 ಎಂಎಂ ವ್ಯತ್ಯಾಸಕ್ಕೆ ರೇಸೇ ಕೈತಪ್ಪಿತು: ಟೂ-ಸ್ಟ್ರೋಕ್ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಅಳೆಯೋದು ಹೇಗೆ?

ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಆಗ ನನಗೆ 22 ವರ್ಷ. ಹಾಸನದ ಒಂದು ಗ್ಯಾರೇಜಲ್ಲಿ ಕೆಲಸ ಕಲೀತಿದ್ದೆ. ದೋಸ್ತ್ ಮಂಜನ ಹತ್ರ ಯಮಹಾ ಆರ್‌ಎಕ್ಸ್ 135 ಇತ್ತು. ಲೈಟು, ಇಂಡಿಕೇಟರ್ ಎಲ್ಲ ಬಿಚ್ಚಿ, ಮಣ್ಣಿನ ಟಯರ್ ಹಾಕಿ, ಡರ್ಟ್ ಟ್ರ್ಯಾಕ್ ರೇಸಿಗೆ ರೆಡಿ ಮಾಡಿದ್ವಿ. ರೇಸಿಗೆ ಹತ್ತು ದಿನ ಇರುವಾಗ ಬಿಗ್ ಎಂಡ್ ಬೇರಿಂಗ್ ಹೋಯ್ತು. ಹೊಸ ಕಿಟ್ ಹಾಕಿಸೋಕೆ ಟೈಮಿಲ್ಲ ಅಂತ, ಬೆಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯಿಂದ ರಾಡ್ ಸಮೇತ ಕ್ರ್ಯಾಂಕ್ ತಂದೆ. ನೋಡೋಕೆ ಥೇಟ್ ನಮ್ಮದೇ. ಬೇರಿಂಗ್ ಕೂತ್ಕೊಂಡ್ತು, ಪಿನ್ ಕೂತ್ಕೊಂಡ್ತು. ಎಂಜಿನ್ ಜೋಡಿಸಿದೆ.

ಕೈಯಲ್ಲಿ ತಿರುಗಿಸಿದಾಗ ಒಂದು ಕಡೆ ಗಟ್ಟಿ ಅನ್ನಿಸ್ತು. ಹೊಸ ಬೋರು, ಹೊಸ ರಿಂಗು, ಗಟ್ಟಿ ಇರುತ್ತೆ ಬಿಡು ಅಂದ್ಕೊಂಡೆ. ಜೋರಾಗಿ ಕಿಕ್ ಹೊಡೆದೆ. ಟಕ್ ಅಂತು. ಕಿಕ್ಕರ್ ಅಲ್ಲೇ ನಿಂತುಹೋಯ್ತು.

ಬಿಚ್ಚಿ ನೋಡಿದ್ರೆ ಪಿಸ್ಟನ್ ಹೋಗಿ ಹೆಡ್ಡಿಗೆ ಗುದ್ದಿದೆ. ಪಿಸ್ಟನ್ನಿನ ಅಂಚು ನೆಗ್ಗಿ, ರಿಂಗು ಅದರ ಗಾಡಿಯಲ್ಲೇ ಕಚ್ಚಿಕೊಂಡಿತ್ತು. ಮಂಜ ಮನೆಮನೆಗೆ ಊಟ ತಲುಪಿಸಿ ಕೂಡಿಟ್ಟ ದುಡ್ಡು ಅದು. ಎಂಟ್ರಿ ಫೀ ಕೂಡ ಕಟ್ಟಿ ಆಗಿತ್ತು. ಅವನು ಒಂದು ಮಾತೂ ಬೈಲಿಲ್ಲ. ಅದೇ ಜಾಸ್ತಿ ಕಷ್ಟ ಆಯ್ತು ನನಗೆ.

ಲೇತ್ ಶಾಪಿನ ಬಾಬಣ್ಣ ಹಳೇ ಕ್ರ್ಯಾಂಕು, ಹೊಸ ಕ್ರ್ಯಾಂಕು ಎರಡನ್ನೂ ಅಳೆದ್ರು. ನಾನು ತಂದಿದ್ದ ರಾಡ್ 5 ಎಂಎಂ ಉದ್ದ! ಯಾರೋ ರೇಸಿಗೆ ಅಂತಲೇ ಮಾಡಿಸಿದ್ದ ಕ್ರ್ಯಾಂಕ್ ಅದು. ಅವರು ಬ್ಲಾಕಿನ ಕೆಳಗೆ ದಪ್ಪ ಪ್ಲೇಟ್ ಕೊಟ್ಟು ಲೆಕ್ಕ ಸರಿ ಮಾಡ್ಕೊಂಡಿರ್ತಾರೆ. ಆ ಪ್ಲೇಟು ನನಗೆ ಬಂದಿರಲಿಲ್ಲ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ನಾನೇ ಕೇಳಿರಲಿಲ್ಲ, ಅಳೆದಿರಲೂ ಇಲ್ಲ.

ಸರಿ, ಅಳೆಯೋದು ಹೇಗೆ? ರಾಡಿನ ಉದ್ದ ಅಂದ್ರೆ ತುದಿಯಿಂದ ತುದಿಗಲ್ಲ. ಮೇಲಿನ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಇರೋ ದೂರ. ನಡುಬಿಂದುವಿಗೆ ವರ್ನಿಯರ್ ಹಿಡಿಯೋಕಾಗಲ್ಲ. ಅದಕ್ಕೆ ಎರಡು ತೂತುಗಳ ಒಳ ಅಂಚುಗಳ ನಡುವಿನ ದೂರ ಅಳೀರಿ. ಅದಕ್ಕೆ ಎರಡೂ ತೂತುಗಳ ವ್ಯಾಸದ ಅರ್ಧರ್ಧ ಸೇರಿಸಿ. ಉದಾಹರಣೆಗೆ, ನಡುವೆ 85 ಎಂಎಂ, ದೊಡ್ಡ ತೂತು 30, ಚಿಕ್ಕದು 20 ಅಂದ್ಕೊಳ್ಳಿ. 85ಕ್ಕೆ 15, ಮತ್ತೆ 10. ಒಟ್ಟು 110 ಎಂಎಂ. ಬೇರಿಂಗ್ ತೆಗೆದು, ಬರೀ ರಾಡಿನ ತೂತನ್ನೇ ಅಳೀಬೇಕು, ನೆನಪಿರಲಿ.

ರಾಡ್ ಇನ್ನೂ ಕ್ರ್ಯಾಂಕಲ್ಲೇ ಇದ್ರೆ? ಈ ಗಾಡಿಗಳಲ್ಲಿ ಕ್ರ್ಯಾಂಕ್ ಪ್ರೆಸ್ ಮಾಡಿ ಕೂರಿಸಿರೋದು, ಸುಮ್ನೆ ಬಿಚ್ಚೋಕಾಗಲ್ಲ. ಆಗ ಎರಡು ಕಡೆ ಶಾಫ್ಟನ್ನ ವಿ-ಬ್ಲಾಕ್ ಮೇಲಿಟ್ಟು, ರಾಡ್ ನೆಟ್ಟಗೆ ನಿಲ್ಲಿಸಿ, ಕ್ರ್ಯಾಂಕ್ ಪಿನ್ ತೀರಾ ಮೇಲೆ ಬರೋ ಹಾಗೆ ತಿರುಗಿಸಿ. ಹೈಟ್ ಗೇಜಲ್ಲಿ ಶಾಫ್ಟಿನ ಮೇಲ್ಭಾಗದಿಂದ ಚಿಕ್ಕ ತೂತಿನ ಕೆಳ ಅಂಚಿಗೆ ಎತ್ತರ ನೋಡಿ. ಅದಕ್ಕೆ ಶಾಫ್ಟಿನ ಅರ್ಧ ವ್ಯಾಸ, ತೂತಿನ ಅರ್ಧ ವ್ಯಾಸ ಸೇರಿಸಿ, ಸ್ಟ್ರೋಕಿನ ಅರ್ಧ ಕಳೀರಿ. ಆರ್‌ಎಕ್ಸ್ 135ರ ಸ್ಟ್ರೋಕ್ 50 ಎಂಎಂ, ಹಾಗಾಗಿ 25 ಕಳೀಬೇಕು. ಉಳಿದಿದ್ದೇ ರಾಡಿನ ಉದ್ದ.

ಇಲ್ಲಿ ತುಂಬಾ ಜನ ಎಡವೋದು ಒಂದಿದೆ: ಉದ್ದ ರಾಡ್ ಹಾಕಿದ್ರೆ ಸಿಸಿ ಜಾಸ್ತಿ ಆಗುತ್ತೆ ಅನ್ನೋದು. ಆಗಲ್ಲ. ಸಿಸಿ ನಿರ್ಧಾರ ಆಗೋದು ಬೋರು ಮತ್ತು ಸ್ಟ್ರೋಕಿನಿಂದ. ಬೋರು 58, ಸ್ಟ್ರೋಕ್ 50 ಇದ್ರೆ, ರಾಡ್ ಯಾವುದೇ ಇರಲಿ, 132 ಸಿಸಿನೇ. ಉದ್ದ ರಾಡಿನ ಲಾಭ ಬೇರೆ: ರಾಡ್ ಓರೆಯಾಗೋದು ಕಡಿಮೆ, ಪಿಸ್ಟನ್ ಬ್ಲಾಕಿನ ಗೋಡೆಗೆ ಒತ್ತೋದೂ ಕಡಿಮೆ.

ಅಮೆರಿಕದಲ್ಲಿ ಮರಳುದಿಬ್ಬದ ಮೇಲೆ ಓಡ್ಸೋ ಯಮಹಾ ಬನ್ಶೀ ಅನ್ನೋ ನಾಲ್ಕು ಚಕ್ರದ ಗಾಡಿ ನೋಡಿ. ಅದರ ಬೋರು 64, ಸ್ಟ್ರೋಕ್ 54. ನಮ್ಮ ರಾಜದೂತ್ 350ರದ್ದೂ ಅದೇ ಅಳತೆ. ಬನ್ಶೀಗೆ ಕಂಪನಿ ರಾಡ್ 110 ಎಂಎಂ, ಹೊರಗಡೆ ಸಿಗೋ ಉದ್ದದ ರಾಡ್ 115. ಆದರೆ 115 ಹಾಕೋರು ಪಿನ್ನಿನ ತೂತು 5 ಎಂಎಂ ಮೇಲಿರೋ ಪಿಸ್ಟನ್ ಹಾಕ್ತಾರೆ. ಇಲ್ಲಾ ಬ್ಲಾಕಿನ ಕೆಳಗೆ ಪ್ಲೇಟ್ ಕೊಡ್ತಾರೆ. ಅಂದ್ರೆ ರಾಡು, ಪಿಸ್ಟನ್ನು ಒಂದೇ ಜೋಡಿ. ಒಂದನ್ನ ಅಳೆದು ಇನ್ನೊಂದನ್ನ ಬಿಟ್ರೆ ಅಳೆದ ಹಾಗೇ ಅಲ್ಲ. ಪಿಸ್ಟನ್ನಲ್ಲಿ ಪಿನ್ನಿನ ನಡುವಿನಿಂದ ತಲೆಯವರೆಗೆ ಅಳೀರಿ, ಅದಕ್ಕೆ ರಾಡಿನ ಉದ್ದ ಸೇರಿಸಿ. ಹಳೇ ಜೋಡಿಯ ಮೊತ್ತ, ಹೊಸ ಜೋಡಿಯ ಮೊತ್ತ ಒಂದೇ ಬರಬೇಕು.

ಕೊನೆಗೆ ಎರಡು ಪರೀಕ್ಷೆ. ಹೆಡ್ ಹಾಕೋ ಮುಂಚೆ ಬ್ಲಾಕ್ ಬಿಗಿ ಮಾಡಿ, ಪಿಸ್ಟನ್ನನ್ನ ತೀರಾ ಕೆಳಗಿಳಿಸಿ ನೋಡಿ. ಕಂಪನಿ ಸೆಟ್ಟಿಂಗಲ್ಲಿ ಪಿಸ್ಟನ್ನಿನ ಅಂಚು ಟ್ರಾನ್ಸ್‌ಫರ್ ಪೋರ್ಟಿನ ಕೆಳ ಅಂಚಿಗೆ ಹೆಚ್ಚುಕಡಿಮೆ ಸಮ ಇರುತ್ತೆ. 5 ಎಂಎಂ ಮೇಲೇ ನಿಂತು ಪೋರ್ಟು ಮುಚ್ಚಿದ್ರೆ ರಾಡ್ ಉದ್ದ ಅಂತ ಅರ್ಥ. ಆಮೇಲೆ ಪಿಸ್ಟನ್ ಮೇಲೆ ಮಕ್ಕಳು ಆಡೋ ಮೆತ್ತನೆ ಕ್ಲೇ ಇಟ್ಟು, ಹೆಡ್ ಬಿಗಿ ಮಾಡಿ, ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಬಿಚ್ಚಿ ಕ್ಲೇ ಎಷ್ಟು ದಪ್ಪ ಉಳಿದಿದೆ ನೋಡಿ. ಕೈಗೆ ಗಟ್ಟಿ ಸಿಕ್ಕರೆ ಅಲ್ಲೇ ನಿಲ್ಸಿ. ರಿಂಗು ಗಟ್ಟಿ ಇದ್ರೆ ಸುತ್ತು ಪೂರ್ತಿ ಗಟ್ಟಿ ಇರುತ್ತೆ, ಒಂದೇ ಜಾಗದಲ್ಲಿ ಅಲ್ಲ. ಇದು ಆವತ್ತು ನನಗೆ ಹೊಳೀಲಿಲ್ಲ.

ಮಂಜನ ಗಾಡಿ ಮುಂದಿನ ವರ್ಷ ಓಡ್ತು. ಆ ಎಂಜಿನ್ನೂ ನಾನೇ ಕಟ್ಟಿದ್ದು. ಕಿಕ್ ಹೊಡೆಯೋ ಮುಂಚೆ ಅವನು ಕೇಳಿದ್ದು ಒಂದೇ ಮಾತು: "ಅಳೆದ್ಯೇನೋ?" ಅಳತೆ ಬರೆದಿಟ್ಟಿದ್ದ ಚೀಟಿ ತೆಗೆದು ಅವನ ಕೈಗೆ ಕೊಟ್ಟೆ.

ನಿಮ್ಮ ಎಂಜಿನ್ ಬಿಚ್ಚೋ ದಿನ ನೀವೂ ಒಂದು ಚೀಟಿ ಬರೆದಿಡಿ.