ಧರ್ಮಕ್ಕೆ ಭಾಷೆಯ ಬೇಲಿ ಬೇಡ
(ಜಂಗಮಕೋಟೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತರೂ ಅದನ್ನು ಕೊಳ್ಳುವ ನಮ್ಮ ರೀಲರುಗಳೂ ಭಾಷೆಯ ಕಾರಣಕ್ಕೆ ವ್ಯವಹಾರ ನಿಲ್ಲಿಸಿದವರಲ್ಲ. ಆದರೆ ಧರ್ಮದ ಮಾತು ಬಂದೊಡನೆ ಉರ್ದು ಮಾತ್ರ ನಮ್ಮದು, ಕನ್ನಡ ಅನ್ಯರದು ಎಂದು ನಾವು ಭಾವಿಸುತ್ತೇವೆ.

ಈ ತಪ್ಪು ಕಲ್ಪನೆ ಹೊರಗಿನವರಲ್ಲೂ ಇದೆ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿದಾಗ ನಡೆದ ಹಿಂಸೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಬಲಿಯಾದವು. ಒಂದು ಭಾಷೆಯನ್ನು ಒಂದು ಧರ್ಮಕ್ಕೆ ಕಟ್ಟಿಹಾಕಿದರೆ ತೆರಬೇಕಾದ ಬೆಲೆ ಇದು.

ವಾಸ್ತವವೇನು? ಪ್ರೇಮ್‌ಚಂದ್, ಫಿರಾಖ್ ಗೋರಖ್‌ಪುರಿ ಮುಸ್ಲಿಮರಲ್ಲ. ಆದರೂ ಉರ್ದುವಿನ ದೊಡ್ಡ ಲೇಖಕರು. 2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರು ಶೇಕಡಾ 12.9, ಉರ್ದು ಮಾತೃಭಾಷೆಯವರು ಶೇಕಡಾ 10.8. ಕರಾವಳಿಯ ಬ್ಯಾರಿಗಳ, ಭಟ್ಕಳದ ನವಾಯತರ ಮನೆಮಾತು ಬೇರೆ. ಅವರ ಈಮಾನ್ ಅದರಿಂದ ಕುಂದಿಲ್ಲ. ಧರ್ಮ ಒಂದೇ ಎಂದು ಬಂಗಾಳಿಗಳ ಮೇಲೆ ಉರ್ದು ಹೇರಹೊರಟ ಪಾಕಿಸ್ತಾನದಲ್ಲಿ 1952ರಲ್ಲಿ ರಕ್ತ ಹರಿಯಿತು. 1971ರಲ್ಲಿ ದೇಶವೇ ಒಡೆಯಿತು. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನತೆಯ ಭಾಷೆಯಲ್ಲೇ ಕಳುಹಿಸಲಾಯಿತೆಂದು ಕುರ್‌ಆನ್ ತಿಳಿಸುತ್ತದೆ. ಹೀಗಿರುವಾಗ ನೆರೆಯವರ ಭಾಷೆಯನ್ನು ಪರಕೀಯವೆನ್ನಲು ನಮಗೇನು ಆಧಾರ?

ಹಾಗೆಂದು ಉರ್ದುವನ್ನು ತೊರೆಯಬೇಕೆಂದು ನಾವು ಹೇಳುತ್ತಿಲ್ಲ. ಅದು ನಮ್ಮ ತಾಯಂದಿರ ನುಡಿ. ಆದರೆ ನಮ್ಮ ಸ್ಥಿತಿಯನ್ನು ನೋಡಿ: ಮನೆಯಲ್ಲಿ ದಖನಿ ಮಾತನಾಡುವ ಅನೇಕ ಮಕ್ಕಳು ಉರ್ದು ಲಿಪಿಯನ್ನು ಓದಲಾರರು. ಜುಮಾ ದಿನ ಪ್ರವಚನದ ಗ್ರಾಂಥಿಕ ಉರ್ದು ಅವರಿಗೆ ಅರ್ಥವಾಗದು. ಅರ್ಥವಾಗುವ ಕನ್ನಡದಲ್ಲಿ ಹೇಳುವವರಿಲ್ಲ. ಉರ್ದುವಿನ ಅಭಿಮಾನಿಗಳೆನಿಸಿಕೊಂಡ ನಾವು ಮಕ್ಕಳಿಗೆ ಉರ್ದುವನ್ನೂ ಕಲಿಸಲಿಲ್ಲ, ಕನ್ನಡದಲ್ಲಿ ಧರ್ಮವನ್ನೂ ತಿಳಿಸಲಿಲ್ಲ.

ಇಲ್ಲಿಗೆ ಸಮೀಪದ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಕನ್ನಡಿಗರೆಲ್ಲರ ಕವಿಯಾದರು. ಹಾಸನದ ಬಾನು ಮುಷ್ತಾಕ್ ಮುಸ್ಲಿಮ್ ಮಹಿಳೆಯರ ನೋವನ್ನು ಕನ್ನಡದಲ್ಲಿ ಬರೆದರು; ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಮ್ಮ ಬದುಕನ್ನು ನಾವೇ ಕನ್ನಡದಲ್ಲಿ ಹೇಳದಿದ್ದರೆ, ಅದನ್ನು ಇತರರು ತಮಗೆ ತೋಚಿದಂತೆ ಹೇಳುವರು.

ಆದ್ದರಿಂದ ಜಮಾಅತಿನ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಜುಮಾ ಪ್ರವಚನದ ಸಾರವನ್ನು ಹತ್ತು ನಿಮಿಷ ಕನ್ನಡದಲ್ಲಿ ಹೇಳುವ ವ್ಯವಸ್ಥೆಯಾಗಲಿ. ಮದ್ರಸಾದಲ್ಲಿ ಉರ್ದು ಓದು-ಬರಹದ ಜೊತೆ ಕುರ್‌ಆನಿನ ಕನ್ನಡ ಅನುವಾದವೂ ಮಕ್ಕಳ ಕೈಗೆ ಸಿಗಲಿ. ಆಗ ಮಗು ತನ್ನ ಧರ್ಮವನ್ನು ಅರಿಯುವುದು. ನೆರೆಮನೆಯವರು ಕೇಳಿದರೆ ಅವರ ಭಾಷೆಯಲ್ಲೇ ಉತ್ತರಿಸುವುದು. ಅಲ್ಲಾಹನು ನಮ್ಮೆಲ್ಲರಿಗೂ ಆ ವಿವೇಕವನ್ನು ಕರುಣಿಸಲಿ. ಆಮೀನ್.