ಮೂಗಿಗೂ ಮನಸ್ಸಿಗೂ ಏನು ನಂಟು?

ಮೂಗಿಗೂ ಮನಸ್ಸಿಗೂ ನಂಟೇ ಎಂದು ನಗಬೇಡಿ. ಕಣ್ಣು, ಕಿವಿಗಳ ಸುದ್ದಿ ಮಿದುಳಿನಲ್ಲಿ ಥಲಾಮಸ್ ಎಂಬ ಸುಂಕದಕಟ್ಟೆಯನ್ನು ಹಾದೇ ಮುಂದೆ ಹೋಗಬೇಕು. ವಾಸನೆಗೆ ಆ ತಡೆಯಿಲ್ಲ. ಮೂಗಿನ ಮೇಲ್ಗಡೆ, ಮಿದುಳಿನ ಬುಡದಲ್ಲಿರುವ ಘ್ರಾಣಗಡ್ಡೆಯಿಂದ ಅದು ಭಯ, ಭಾವನೆಗಳನ್ನು ನಿಭಾಯಿಸುವ ಅಮಿಗ್ಡಲಕ್ಕೆ ನೇರವಾಗಿ ನುಗ್ಗುತ್ತದೆ.

ಈ ಗಡ್ಡೆ ತೆಗೆದ ಇಲಿಗಳು ವಿಪರೀತ ಚಡಪಡಿಸುತ್ತವೆ. ಸಿಹಿನೀರಿನ ಆಸೆಯೂ ಕುಗ್ಗುತ್ತದೆ. ಖಿನ್ನತೆಯ ಔಷಧ ಕೊಟ್ಟರೆ ಚೇತರಿಸಿಕೊಳ್ಳುತ್ತವೆ. ಆದರೆ ಒಂದೆರಡು ದಿನದಲ್ಲಲ್ಲ, ವಾರಗಟ್ಟಲೆ ಕೊಟ್ಟ ಮೇಲೆ. ಥೇಟ್ ಮನುಷ್ಯರ ಹಾಗೆಯೇ!

ಖಿನ್ನರಾದವರ ಮೂಗು ಹಲವೊಮ್ಮೆ ಮಂಕಾಗಿರುತ್ತದೆ. ಮೂಗು ಕೆಟ್ಟವರು ಖಿನ್ನರಾಗುವುದೂ ಉಂಟು. 2020ರಲ್ಲಿ ಕೋವಿಡ್ ಬಂದಾಗ ಅನೇಕರಿಗೆ ಒಗ್ಗರಣೆಯ ಘಮ ಹೋಯಿತು, ಎಣ್ಣೆ ಹಚ್ಚಿದ ಮಗುವಿನ ನೆತ್ತಿಯ ಪರಿಮಳವೂ ಹೋಯಿತು. ಜ್ವರ ಬಿಟ್ಟಿತಲ್ಲ, ಇನ್ನೇನು ಎಂದರು ಮನೆಯವರು.